ನ್ಯಾಯಾಧೀಶರ ವಿರುದ್ಧದ ದೂರು: ಬೆಂಗಳೂರಿನಲ್ಲಿ ಕ್ರಮ ಮತ್ತು ಇತಿಹಾಸ

ನ್ಯಾಯಾಧೀಶರ ಅಥವಾ ನ್ಯಾಯಾಲಯದ ಸಿಬ್ಬಂದಿಯ ನಡತೆಯ ಬಗ್ಗೆ ಸಾರ್ವಜನಿಕರು ಕೊಡುವ ದೂರನ್ನು ಭಾರತದಲ್ಲಿ ಬಹುಮಟ್ಟಿಗೆ ನ್ಯಾಯಾಂಗವೇ ವಿಚಾರಿಸಿಕೊಳ್ಳುತ್ತದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ನ್ಯಾಯಾಧೀಶರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೈಕೋರ್ಟ್ ನ್ಯಾಯಮೂರ್ತಿಗಳು ತನ್ನ ವ್ಯಾಪ್ತಿಗೆ ಬರುತ್ತಾರೆಂದು ಲೋಕಪಾಲ ಸಂಸ್ಥೆ 2025ರ ಜನವರಿಯಲ್ಲಿ ಆದೇಶಿಸಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಜನರನ್ನು ಕೋರ್ಟಿಗೆ ಎಳೆಯುವುದು ಹೆಚ್ಚಾಗಿ ಬಾಡಿಗೆ, ನಿವೇಶನ, ಅಣ್ಣತಮ್ಮಂದಿರ ಪಾಲು, ಚೆಕ್ ಬೌನ್ಸ್. ಸಿವಿಲ್ ದಾವೆಯಾದರೆ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಅಲೆಯಬೇಕು. ಅಲ್ಲಿನ ಶಿರಸ್ತೇದಾರ, ಬೆಂಚ್ ಕ್ಲರ್ಕ್, ಅಮೀನರ ಮೇಲಿನ ದೂರು ಪ್ರಧಾನ ಸಿಟಿ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಧೀಶರಿಗೆ ಹೋಗುತ್ತದೆ. ನ್ಯಾಯಾಧೀಶರ ಮೇಲೆಯೇ ದೂರಿದ್ದರೆ ಅದು ಹೈಕೋರ್ಟಿನ ಕೆಲಸ, ಏಕೆಂದರೆ ಸಂವಿಧಾನದ 235ನೇ ವಿಧಿ ಅಧೀನ ನ್ಯಾಯಾಲಯಗಳ ಹತೋಟಿಯನ್ನು ಹೈಕೋರ್ಟಿಗೆ ವಹಿಸಿದೆ. ಇಂಥ ದೂರುಗಳನ್ನು ನೋಡಿಕೊಳ್ಳುವ ವಿಜಿಲೆನ್ಸ್ ರಿಜಿಸ್ಟ್ರಾರ್ ವಿಧಾನಸೌಧದ ಎದುರಿನ ಹೈಕೋರ್ಟಿನಲ್ಲಿರುತ್ತಾರೆ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾದರೆ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಬಹುದು.

ದಾರಿ ಇಷ್ಟು ಸಲೀಸಾದರೂ ದೂರು ನಿಲ್ಲುವುದು ಕಷ್ಟ. ತೀರ್ಪು ತಪ್ಪಾಗಿದೆ ಎಂಬುದು ದೂರಿನ ವಿಷಯವೇ ಅಲ್ಲ, ಅದಕ್ಕೆ ಮೇಲ್ಮನವಿ ಇದೆ. ಲಂಚ, ಪಕ್ಷಪಾತ, ಕಕ್ಷಿದಾರರನ್ನು ಹೀನಾಯವಾಗಿ ಮಾತನಾಡಿಸುವುದು, ಕಾರಣವಿಲ್ಲದೆ ಆದೇಶ ಕಾದಿರಿಸಿಕೊಂಡು ಕೂರುವುದು ನಡತೆಯ ಲೆಕ್ಕಕ್ಕೆ ಬರುತ್ತವೆ. 2014ರ ಅಕ್ಟೋಬರ್‌ನಲ್ಲಿ, ಕರ್ನಾಟಕದವರೇ ಆದ ಎಚ್.ಎಲ್. ದತ್ತು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, ಹೈಕೋರ್ಟುಗಳಿಗೆ ಒಂದು ಸೂಚನೆ ಹೋಯಿತು: ಪ್ರಮಾಣ ಮಾಡಿದ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ಆಧಾರ ಇಲ್ಲದ ದೂರಿನ ಮೇಲೆ ಕ್ರಮ ಬೇಡ. ಹೀಗಾಗಿ ದೂರುದಾರರು ಕೇಸಿನ ನಂಬರು, ಕೋರ್ಟ್ ಹಾಲ್, ತಾರೀಖುಗಳನ್ನು ಬರೆದು, ಆರ್ಡರ್ ಶೀಟಿನ ನಕಲು ಲಗತ್ತಿಸಿ, ನೋಟರಿಯ ಮುಂದೆ ಸಹಿ ಹಾಕಬೇಕಾಗುತ್ತದೆ. ಸೋತ ಕಕ್ಷಿದಾರರು ಸಿಟ್ಟಿನಿಂದ ಬರೆಯುವ ಮೂಕರ್ಜಿಗಳಿಂದ ಪ್ರಾಮಾಣಿಕ ನ್ಯಾಯಾಧೀಶರನ್ನು ಕಾಪಾಡಲು ಈ ನಿಯಮ ಬೇಕು. ಆದರೆ ನಾಳೆಯೂ ಅದೇ ಹಾಲಿನಲ್ಲಿ ಅದೇ ನ್ಯಾಯಾಧೀಶರ ಎದುರು ನಿಲ್ಲಬೇಕಾದ ವಕೀಲರು ಇಂಥ ಕಾಗದಕ್ಕೆ ಸಹಿ ಹಾಕುವುದಿಲ್ಲ, ಹಾಕುವಂತೆ ಕಕ್ಷಿದಾರರಿಗೂ ಹೇಳುವುದಿಲ್ಲ. ವ್ಯವಸ್ಥೆಯ ಅತಿ ದೊಡ್ಡ ದೌರ್ಬಲ್ಯ ಇದೇ: ಕಣ್ಣಾರೆ ಕಂಡವರೇ ಬಾಯಿ ಬಿಡಲಾರರು.

ಹೈಕೋರ್ಟ್ ನ್ಯಾಯಮೂರ್ತಿಗಳ ವಿಷಯ ಬೇರೆ. ಅವರನ್ನು ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಅಷ್ಟು ಗಂಭೀರವಲ್ಲದ ತಪ್ಪುಗಳನ್ನೂ ವಿಚಾರಿಸಲೆಂದು ಸುಪ್ರೀಂ ಕೋರ್ಟ್ 1999ರ ಡಿಸೆಂಬರ್‌ನಲ್ಲಿ ಆಂತರಿಕ ವಿಚಾರಣಾ ವಿಧಾನವನ್ನು ಒಪ್ಪಿಕೊಂಡಿತು. ಅದರ ಪಠ್ಯವನ್ನು ಜನರಿಗೆ ಸಿಗುವಂತೆ ವೆಬ್‌ಸೈಟಿನಲ್ಲಿ ಹಾಕಲು ಆದೇಶವಾದದ್ದು 2014ರ ಡಿಸೆಂಬರ್‌ನಲ್ಲಿ. ಹದಿನೈದು ವರ್ಷ ನಡೆದ ಪದ್ಧತಿಯ ನಿಯಮ ಜನರ ಕೈಗೆ ಸಿಗದೆ ಉಳಿದದ್ದನ್ನು ಸಮರ್ಥಿಸುವುದು ಕಷ್ಟ.

ಹೈಕೋರ್ಟ್ ನ್ಯಾಯಮೂರ್ತಿಗಳ ಮೇಲಿನ ದೂರಿನ ಬಿಸಿಯನ್ನು ಬೆಂಗಳೂರು ಹತ್ತಿರದಿಂದ ಕಂಡದ್ದು ಪಿ.ಡಿ. ದಿನಕರನ್ ಪ್ರಕರಣದಲ್ಲಿ. 2008ರಿಂದ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅವರ ಹೆಸರನ್ನು ನ್ಯಾಯಮೂರ್ತಿಗಳನ್ನು ಆಯ್ಕೆ ಮಾಡುವ ಕೊಲಿಜಿಯಂ 2009ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿತು. ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂನಲ್ಲಿ ಸರ್ಕಾರಿ ಭೂಮಿ ಒತ್ತುವರಿ ಮಾಡಿದ್ದಾರೆಂದು ಚೆನ್ನೈನ ವಕೀಲರು ದೂರಿದರು; ದಿನಕರನ್ ಆರೋಪ ಅಲ್ಲಗಳೆದರು. ಆ ನವೆಂಬರ್‌ನಲ್ಲಿ ಬೆಂಗಳೂರಿನ ವಕೀಲರು ಕಲಾಪ ಬಹಿಷ್ಕರಿಸಿದರು. ಹೈಕೋರ್ಟಿನೊಳಗೇ ಗದ್ದಲವಾಯಿತು. ಡಿಸೆಂಬರ್‌ನಲ್ಲಿ ರಾಜ್ಯಸಭೆಯ 75 ಸದಸ್ಯರು ಪದಚ್ಯುತಿಗೆ ನೋಟಿಸ್ ಕೊಟ್ಟ ಮೇಲೆ ದಿನಕರನ್ ವಿಚಾರಣೆ ನಡೆಸುವುದನ್ನು ಬಿಟ್ಟರು, ಹುದ್ದೆಯಲ್ಲಿ ಮಾತ್ರ ಮುಂದುವರಿದರು. 2010ರ ಆಗಸ್ಟ್‌ನಲ್ಲಿ ಸಿಕ್ಕಿಂಗೆ ವರ್ಗವಾಯಿತು. 2011ರ ಜುಲೈನಲ್ಲಿ, ರಾಜ್ಯಸಭೆಯ ಸಭಾಪತಿ ನೇಮಿಸಿದ ಸಮಿತಿ ಕೆಲಸ ಮುಗಿಸುವ ಮೊದಲೇ, ರಾಜೀನಾಮೆ ಕೊಟ್ಟರು. ಅಲ್ಲಿಗೆ ವಿಚಾರಣೆ ನಿಂತಿತು. ಆರೋಪ ನಿಜವೆಂದೂ ಆಗಲಿಲ್ಲ, ಸುಳ್ಳೆಂದೂ ಆಗಲಿಲ್ಲ. ದೂರು ಕೊಟ್ಟವರಿಗೂ ದೂರಿಗೆ ಒಳಗಾದವರಿಗೂ ಇದು ನ್ಯಾಯವಲ್ಲ.

ದೂರೇ ಆಯುಧವಾಗುವ ಭಯಕ್ಕೂ ಇಲ್ಲಿ ಉದಾಹರಣೆಯಿದೆ. ಬೆಳಗಾವಿಯ ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರು ಹೈಕೋರ್ಟಿಗೆ ಶಿಫಾರಸಾದಾಗ ಅವರ ಮೇಲೆ ದೂರು ಬಂತು. ಕರ್ನಾಟಕ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಸುಭ್ರೊ ಕಮಲ್ ಮುಖರ್ಜಿ ವಿಚಾರಿಸಿ ಅದರಲ್ಲಿ ಹುರುಳಿಲ್ಲವೆಂದರು. ಆ ಮೇಲೂ ಕೇಂದ್ರ ಕಾನೂನು ಸಚಿವಾಲಯ ನೇರವಾಗಿ ಕರ್ನಾಟಕ ಹೈಕೋರ್ಟಿಗೆ ಬರೆದು ವಿಷಯ ಕೆದಕಿದ್ದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜೆ. ಚೆಲಮೇಶ್ವರ್ 2018ರ ಮಾರ್ಚ್‌ನಲ್ಲಿ ಪತ್ರ ಬರೆದು ಖಂಡಿಸಿದರು. ಭಟ್ ಹೈಕೋರ್ಟಿಗೆ ಬಂದದ್ದು 2020ರಲ್ಲಿ.

ಕೋರ್ಟ್ ಕಲಾಪದ ನೇರ ಪ್ರಸಾರ ದೂರಿನ ಲೆಕ್ಕಾಚಾರವನ್ನೇ ಬದಲಿಸಿತು. 2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನಕ್ಕೆ ಹೋಲಿಸಿದ ಮಾತು ಮತ್ತು ವಕೀಲೆಯೊಬ್ಬರಿಗೆ ಆಡಿದ ಮಾತಿನ ತುಣುಕುಗಳು ಹರಡಿದವು. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಸ್ವಯಂಪ್ರೇರಿತವಾಗಿ ವರದಿ ಕೇಳಿತು. ಮರುದಿನ ಶ್ರೀಶಾನಂದ ತೆರೆದ ನ್ಯಾಯಾಲಯದಲ್ಲೇ ವಿಷಾದ ವ್ಯಕ್ತಪಡಿಸಿದರು. 25ರಂದು ಪ್ರಕರಣ ಮುಗಿಯಿತು. ಅಫಿಡವಿಟ್ ಇಲ್ಲದೆ, ಸಾಕ್ಷಿಯ ಸಹಿ ಇಲ್ಲದೆ, ಕೆಲವೇ ದಿನಗಳಲ್ಲಿ ಉತ್ತರ ಸಿಕ್ಕಿತು. ಕ್ಯಾಮೆರಾ ಇಲ್ಲದ ಹಾಲಿನಲ್ಲಿ ಆಡಿದ ಇಂಥದೇ ಮಾತಿಗೆ ಇಷ್ಟು ಬೇಗ ಉತ್ತರ ಸಿಗುವ ದಾರಿ ಇಲ್ಲ.

ದೂರಿಗೆ ಬೇರೆ ದಾರಿ ಮಾಡುವ ಯತ್ನವೂ ಹಿಂದೆ ನಡೆದಿತ್ತು. ಯಾವ ನಾಗರಿಕರೂ ನ್ಯಾಯಮೂರ್ತಿಗಳ ಮೇಲೆ ದೂರು ಕೊಡಬಹುದಾದ ಸಮಿತಿಗಳನ್ನು ಕಾಯ್ದೆಯ ಮೂಲಕವೇ ರಚಿಸುವ ನ್ಯಾಯಾಂಗ ಮಾನದಂಡ ಮತ್ತು ಹೊಣೆಗಾರಿಕೆ ಮಸೂದೆಯನ್ನು 2010ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದವರು ಆಗ ಕಾನೂನು ಸಚಿವರಾಗಿದ್ದ ಎಂ. ವೀರಪ್ಪ ಮೊಯ್ಲಿ. ದೂರುದಾರರ ಗುರುತು ಗೋಪ್ಯವಾಗಿಡುವ, ಸುಳ್ಳು ದೂರಿಗೆ ಜೈಲು ವಿಧಿಸುವ ಅಂಶಗಳು ಅದರಲ್ಲಿದ್ದವು. 2012ರ ಮಾರ್ಚ್‌ನಲ್ಲಿ ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಉಳಿಯಿತು, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.