ಮಸೂರದ ಮುಂದಿನ ಸಣ್ಣ ತೂತು



ಬೇಲೂರಿನ ಚನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಾಪನೆಯಾಯಿತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ಹಳೆಯ ಛಾಯಾಚಿತ್ರಗಳ ಬಗ್ಗೆ ಯೋಚಿಸಿದವರು ಕಡಿಮೆ. 1856ರಲ್ಲಿ ಕ್ಯಾಪ್ಟನ್ ಓಕ್ಲಿ ಹಳೇಬೀಡಿನ ಶಿಲ್ಪಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಅದೇ ಕಾಲದಲ್ಲಿ ಮುಂಬಯಿ ಪ್ರಾಂತದ ವೈದ್ಯ ಡಾ. ಪಿಗೌ ಬೇಲೂರು, ಹಳೇಬೀಡುಗಳಿಗೆ ಬಂದರು. ಅವರೂ ಇತರರೂ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಈ ಗುಡಿಗಳು ಅಂದು ಹೇಗಿದ್ದವು ಎಂಬುದಕ್ಕೆ ಇವು ಅಮೂಲ್ಯ ಸಾಕ್ಷಿ.

ಆ ಕಾಲದ ಕ್ಯಾಮೆರಾದಲ್ಲಿ ಬೆಳಕನ್ನು ತಡೆಯಲು ನಡುವೆ ತೂತಿರುವ ಬಿಲ್ಲೆಯನ್ನು ಮಸೂರಕ್ಕೆ ಜೋಡಿಸುತ್ತಿದ್ದರು. ತೂತು ಚಿಕ್ಕದಾದಷ್ಟೂ ಹತ್ತಿರದ ಮದನಿಕೆಯೂ ಹಿಂದಿನ ಗೋಡೆಯೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಆದರೆ ತೂತಿನ ಅಗಲ ಅರ್ಧಕ್ಕಿಳಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಕಾಯುವ ಸಮಯ ನಾಲ್ಕು ಪಟ್ಟಾಗುತ್ತದೆ. ಕಲ್ಲಿನ ಮದನಿಕೆ ಕದಲುವುದಿಲ್ಲವಾದ್ದರಿಂದ ಇಲ್ಲಿ ಅದು ತೊಡಕಾಗಲಿಲ್ಲ.

ಮಸೂರಗಳ ನಡುವೆ ಬಿಲ್ಲೆ ಇಡಬೇಕಾದರೆ ಪ್ರತಿ ಸಲವೂ ಕೊಳವೆಯನ್ನು ಬಿಚ್ಚಬೇಕಿತ್ತು. 1858ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಜಾನ್ ವಾಟರ್‌ಹೌಸ್ ಸುಲಭ ಉಪಾಯ ಸೂಚಿಸಿದರು: ಹಿತ್ತಾಳೆ ಕೊಳವೆಯಲ್ಲಿ ಒಂದು ಸೀಳು ಮಾಡಿ, ಬೇರೆ ಬೇರೆ ಅಳತೆಯ ತೂತುಗಳಿರುವ ತಟ್ಟೆಗಳನ್ನು ಅದರೊಳಗೆ ಇಳಿಸುವುದು. ಇಂದು ಮಸೂರ ಉಳಿದಿದ್ದರೂ ತಟ್ಟೆಗಳು ಕಳೆದುಹೋಗಿರುವುದೇ ಹೆಚ್ಚು.

ಅವುಗಳನ್ನು ಮನೆಯಲ್ಲೇ ಮಾಡಬಹುದು. ಸೀಳಿನ ಅಗಲಕ್ಕೆ ಸರಿಯಾಗಿ ಕಪ್ಪು ದಪ್ಪ ರಟ್ಟನ್ನೋ ತೆಳು ಹಿತ್ತಾಳೆ ತಗಡನ್ನೋ ಕತ್ತರಿಸಿ. ತೂತು ಮಸೂರದ ನಟ್ಟನಡುವೆ ಬರಬೇಕು, ಅಂಚು ಕಪ್ಪಾಗಿರಬೇಕು. ಲೆಕ್ಕ ಹೈಸ್ಕೂಲಿನದೇ: ಸಂಗಮ ದೂರವನ್ನು ಬೇಕಾದ ಎಫ್ ಸಂಖ್ಯೆಯಿಂದ ಭಾಗಿಸಿದರೆ ತೂತಿನ ವ್ಯಾಸ. 200 ಮಿ.ಮೀ. ಮಸೂರಕ್ಕೆ ಎಫ್ 8 ಬೇಕಾದರೆ 25 ಮಿ.ಮೀ., ಎಫ್ 16ಕ್ಕೆ 12.5 ಮಿ.ಮೀ. ಮುಂದಿನ ಗಾಜು ತೂತನ್ನು ಹಿಗ್ಗಿಸಿ ತೋರಿಸುವುದರಿಂದ, ಒಳಗಿಡುವ ತಟ್ಟೆಯ ತೂತು ಇದಕ್ಕಿಂತ ತುಸು ಚಿಕ್ಕದಿರಲಿ.

ಈ ತತ್ತ್ವ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿ, ಸುಮಾರು 1040ರಲ್ಲಿ ತೀರಿಕೊಂಡ ಇಬ್ನ್ ಅಲ್-ಹೈಸಮ್ ಗ್ರಹಣದ ಆಕಾರದ ಬಗ್ಗೆ ಒಂದು ಪ್ರಬಂಧ ಬರೆದರು. ಗ್ರಹಣದ ಸೂರ್ಯನ ಬೆಳಕು ಸಣ್ಣ ತೂತಿನಿಂದ ಬಂದರೆ ಗೋಡೆಯ ಮೇಲೆ ಬಾಲಚಂದ್ರನ ಆಕಾರ ಕಾಣುತ್ತದೆ, ತೂತು ದೊಡ್ಡದಾದರೆ ದುಂಡಗೆ ಕಾಣುತ್ತದೆ. ಇದೇಕೆ ಎಂದು ಅವರು ರೇಖಾಗಣಿತದಿಂದ ವಿವರಿಸಿದರು. ತೂತಿನ ಅಳತೆಯೇ ಚಿತ್ರವನ್ನು ನಿರ್ಧರಿಸುತ್ತದೆ ಎಂಬ ಪಾಠ ಅಲ್ಲಿಯೇ ಇದೆ.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಚರಿತ್ರೆಯನ್ನು ನಮಗೆ ಉಳಿಸಿಕೊಟ್ಟ ಉಪಕರಣಗಳೂ ಪರಂಪರೆಯೇ ಅಲ್ಲವೇ? ನಿಮ್ಮ ಮನೆಯ ಅಟ್ಟದಲ್ಲಿ ಹಿತ್ತಾಳೆಯ ಹಳೆಯ ಮಸೂರವೇನಾದರೂ ಸಿಕ್ಕರೆ ಗುಜರಿಗೆ ಹಾಕಬೇಡಿ. ಮೊದಲು ಅದರ ಮೈಮೇಲೆ ಸೀಳಿದೆಯೇ ನೋಡಿ; ಮಕ್ಕಳ ಕೈಗೆ ಒಂದು ರಟ್ಟು, ಒಂದು ಕೈವಾರ ಕೊಡಿ. ಮೂಲೆ ಸೇರಿದ ಆ ಮಸೂರ ಮತ್ತೆ ಕೆಲಸಕ್ಕೆ ಬಂದೀತು.