ಅಟ್ಟದ ಹಾವು: ಇಲಿಯನ್ನು ಮರೆತ ಲೆಕ್ಕ

ಅಟ್ಟಕ್ಕೆ ಹಾವು ಬರುವುದು ಮನುಷ್ಯನನ್ನು ಹುಡುಕಿಕೊಂಡಲ್ಲ, ಇಲಿಯನ್ನು ಹುಡುಕಿಕೊಂಡು. ಇದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹಾವಿನ ಕುರಿತು ಸರ್ಕಾರಗಳು ಇಟ್ಟ ಲೆಕ್ಕದಲ್ಲಿ ಈ ಮಾತಿಗೆ ಜಾಗ ಸಿಕ್ಕಿದ್ದು ಕಡಿಮೆ.

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಉಗ್ರಾಣ. ಒಣಗಿದ ಅಡಿಕೆ, ಬೀಜದ ಭತ್ತ, ತೆಂಗಿನಕಾಯಿ, ಬಳಕೆ ತಪ್ಪಿದ ಪಾತ್ರೆ ಎಲ್ಲವೂ ಅಲ್ಲಿಗೇ ಏರುತ್ತಿದ್ದವು. ಬಹುಪಾಲು ಮನೆಗಳ ಮಾಡಿಗೆ ಹುಲ್ಲು ಅಥವಾ ಸೋಗೆ. ಮಳೆಗಾಲಕ್ಕೆ ಮುಂಚೆ ಹಳೆಯ ಹೊದಿಕೆ ತೆಗೆದು ಹೊಸದು ಹೊದಿಸಬೇಕಾಗಿತ್ತು. ಇಲಿಯ ಗೂಡು, ಹಾವಿನ ಪೊರೆ ಬಯಲಿಗೆ ಬರುತ್ತಿದ್ದುದು ಆಗಲೇ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಹೆಂಚು ವರ್ಷಗಟ್ಟಲೆ ಬಾಳುತ್ತದೆ, ಬೆಂಕಿಗೂ ಹೆದರುವುದಿಲ್ಲ. ಅದರ ಜೊತೆಗೆ ವರ್ಷಕ್ಕೊಮ್ಮೆ ಅಟ್ಟಕ್ಕೆ ಬಿಸಿಲು ಬೀಳುವ ಪದ್ಧತಿಯೂ ನಿಂತಿರಬೇಕು ಎಂದು ನನಗನ್ನಿಸುತ್ತದೆ.

ಅಟ್ಟದಲ್ಲಿ ಹಾವು ಕಂಡರೆ ಮನೆಯವರು ಮೊದಲು ನೋಡುತ್ತಿದ್ದುದು ಅದು ಯಾವುದೆಂದು. ರಾತ್ರಿಯಾದರೆ ಹೆಸರು ಹೇಳದೆ 'ಹುಳ' ಎನ್ನುವವರೇ ಹೆಚ್ಚು. ಕೇರೆಯಾದರೆ ಇಲಿ ತಿಂದು ಹೋಗಲಿ ಎಂದು ಬಿಡುವವರಿದ್ದರು. ನಾಗರವಾದರೆ ಕೈಮುಗಿದು, ದಾರಿ ಬಿಟ್ಟು, ಹರಕೆ ಹೇಳಿಕೊಳ್ಳುತ್ತಿದ್ದರು. ಕೈತಪ್ಪಿ ಕೊಂದರೆ ಸರ್ಪಸಂಸ್ಕಾರ ಮಾಡಿಸಬೇಕಿತ್ತು. ಕೊಳಕುಮಂಡಲಕ್ಕೂ ಕಟ್ಟುಹಾವಿಗೂ ಈ ಮರ್ಯಾದೆ ಇರಲಿಲ್ಲ. ಅವಕ್ಕೆ ದೊಣ್ಣೆಯೇ ಗತಿ. ಪೂರ್ವಿಕರೆಲ್ಲ ಹಾವುಗಳನ್ನು ಪ್ರೀತಿಸುತ್ತಿದ್ದರು ಎಂದು ಇಂದು ಹೇಳುವುದು ಸುಲಭ. ಅವರದು ಪ್ರೀತಿಗಿಂತ ಹೆಚ್ಚಾಗಿ ಭಯ, ಭಕ್ತಿ ಮತ್ತು ಲಾಭನಷ್ಟದ ತೂಕ. ಕಟ್ಟುಹಾವಿನಂತೆಯೇ ಪಟ್ಟೆಗಳಿರುವ, ಗೋಡೆ ಏರುವ, ವಿಷವಿಲ್ಲದ ತೋಳಹಾವು ಈ ತೂಕದಲ್ಲಿ ಸುಮ್ಮನೆ ಸತ್ತದ್ದೂ ಉಂಟು.

ವಸಾಹತು ಸರ್ಕಾರದ ತೂಕ ಬೇರೆ. ವೈದ್ಯ ಜೋಸೆಫ್ ಫೇರರ್ ಸಂಗ್ರಹಿಸಿದ ಅಂಕಿಗಳ ಪ್ರಕಾರ, 1869ರಲ್ಲಿ ಬಂಗಾಳ ಮತ್ತಿತರ ಕೆಲವು ಪ್ರಾಂತ್ಯಗಳಲ್ಲೇ ಹಾವು ಕಚ್ಚಿ ಸತ್ತವರು 11,416 ಮಂದಿ. 1872ರಲ್ಲಿ ಆತ ವಿಷದ ಹಾವುಗಳ ಬಣ್ಣದ ಚಿತ್ರಗಳಿರುವ ದೊಡ್ಡ ಗ್ರಂಥ ಪ್ರಕಟಿಸಿದ. ಹಾವು ಕೊಂದು ತಂದವರಿಗೆ ಸರ್ಕಾರ ಇನಾಮು ಕೊಟ್ಟಿತು. ಸತ್ತ ಮನುಷ್ಯರೆಷ್ಟು, ಕೊಂದ ಹಾವುಗಳೆಷ್ಟು, ಕೊಟ್ಟ ಹಣವೆಷ್ಟು ಎಂಬ ಪಟ್ಟಿ ವರ್ಷವರ್ಷವೂ ಪ್ರಕಟವಾಯಿತು. ಲಕ್ಷಗಟ್ಟಲೆ ಹಾವು ಕೊಂದರೂ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ದಾಖಲಾದ ಸಾವುಗಳು ವರ್ಷಕ್ಕೆ 20,000ದ ಆಸುಪಾಸಿನಲ್ಲೇ ಇದ್ದವು. ಹಾವು ಮನೆಗೇಕೆ ಬಂತು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಇಲಿ ಸರ್ಕಾರದ ಕಣ್ಣಿಗೆ ಬಿದ್ದದ್ದು ಪ್ಲೇಗಿನಿಂದ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಈ ರೋಗವನ್ನು ಇಲಿಯ ಮೈಮೇಲಿನ ಚಿಗಟ ಹರಡುತ್ತದೆ ಎಂದು ತೋರಿಸಿದ. ಮುಂಬಯಿಯಲ್ಲಿ ಹೆಂಚು ತೆಗೆಸಿ ಮನೆಯೊಳಗೆ ಬಿಸಿಲು ಬೀಳಿಸುವುದು ಪ್ಲೇಗ್ ನಿಯಂತ್ರಣದ ಕ್ರಮಗಳಲ್ಲಿ ಒಂದಾಗಿತ್ತು. ಸೋಗೆಯ ಮನೆಯಲ್ಲಿ ಪ್ರತಿ ವರ್ಷ ತಾನಾಗಿ ಆಗುತ್ತಿದ್ದುದನ್ನು ಅಲ್ಲಿ ಅಧಿಕಾರಿಗಳು ಬಲವಂತದಿಂದ ಮಾಡಿಸಿದರು. ಆದರೂ ಇಲಿಯ ಕಡತ ಬೇರೆ, ಹಾವಿನ ಕಡತ ಬೇರೆಯಾಗಿಯೇ ಉಳಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ದಿಕ್ಕು ಬದಲಾಯಿತು. ಹಿಂದೆ ಇನಾಮು ತಂದುಕೊಡುತ್ತಿದ್ದ ನಾಗರಹಾವನ್ನು ಇಂದು ಕೊಂದರೆ ಶಿಕ್ಷೆ. ಈಗ ನಾವು ದೂರ ನಿಂತು, ಹಾವಿನ ಮೇಲೊಂದು ಕಣ್ಣಿಟ್ಟು, ಅರಣ್ಯ ಇಲಾಖೆಗೋ ತರಬೇತಿ ಪಡೆದ ಉರಗ ರಕ್ಷಕರಿಗೋ ಫೋನ್ ಮಾಡುತ್ತೇವೆ. ಮಾಡಬೇಕಾದದ್ದೂ ಅದೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಅಕ್ಷರಶಃ ನಿಜವಾದಂತಾಯಿತು. ಆದರೆ ಹಾವು ಚೀಲ ಸೇರಿ ಹೋದ ಮೇಲೂ ಇಲಿ ಅಟ್ಟದಲ್ಲೇ ಇರುತ್ತದೆ. ಕಾಳು ಚೆಲ್ಲಿರುತ್ತದೆ, ಗೋಡೆಗೂ ಮಾಡಿಗೂ ನಡುವೆ ಸಂದಿ ಹಾಗೆಯೇ ಇರುತ್ತದೆ. ಇನ್ನೊಂದು ಹಾವಿಗೆ ಅಷ್ಟೇ ಸಾಕು.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಇದು ಬಹಳ ಹಿಂದೆಯೇ ಆಗಬೇಕಿದ್ದ ಒಳ್ಳೆಯ ಕೆಲಸ. ಆದರೆ ಈ ಲೆಕ್ಕವೂ ಸಾವಿನಿಂದಲೇ ಶುರುವಾಗಿ ಸಾವಿನಲ್ಲೇ ಮುಗಿಯಬಾರದು. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ಅವರಿಗೆ ಮಂಚವಿತ್ತೇ, ಸೊಳ್ಳೆಪರದೆ ಇತ್ತೇ, ಕಾಳು ಇಡಲು ಇಲಿ ಹೋಗದ ಜಾಗವಿತ್ತೇ ಎಂದೂ ಬರೆದುಕೊಂಡರೆ, 150 ವರ್ಷಗಳಿಂದ ಖಾಲಿ ಬಿಟ್ಟಿರುವ ಕಾಲಂ ತುಂಬಿದಂತಾಗುತ್ತದೆ.