ಸಂಸ್ಥಾನವನ್ನೇ ಒಡೆಯಿರಿ ಎಂದ ಸನ್ಯಾಸಿ

‘ದೇಶ ಕಟ್ಟಿದವರ ನೀತಿ’ ಎಂಬುದು ಈ ಸಲದ ಸಂಚಿಕೆಯ ವಿಷಯ. ಗಾಂಧಿ, ನೆಹರೂ, ಅಂಬೇಡ್ಕರರ ಮೇಲೆ ಬೇಕಾದಷ್ಟು ಲೇಖನ ಬಂದಿವೆ, ನೀವು ನಿಮ್ಮ ಕಡೆಯದ್ದೇನಾದರೂ ಬರೆಯಿರಿ ಎಂದು ಸಂಪಾದಕಿ ಬೆನ್ನು ಬಿದ್ದರು. ನಮ್ಮ ಕಡೆ ಎಂದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಶಿರವಾಳ, ಹಳೆಯ ಕಲ್ಲುಗುಡಿಗಳ ಊರು. ಇಲ್ಲಿಯ ಕನ್ನಡ ಶಾಲೆಯ ಮಕ್ಕಳನ್ನು ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು ಯಾವಾಗ ಎಂದು ಕೇಳಿ ನೋಡಿ. 1947ರ ಆಗಸ್ಟ್ 15 ಎಂದು ಒಕ್ಕೊರಲಿನಿಂದ ಹೇಳುತ್ತವೆ. ಶಿರವಾಳದ ಮಟ್ಟಿಗೆ ಅದು ತಪ್ಪು ಉತ್ತರ.

ದೊಡ್ಡವರಿಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದಿನ ನಿಜಾಮರ ಕೈಯಲ್ಲಿದ್ದವು. ಯಾದಗಿರಿ, ಶಹಾಪುರ, ಸುರಪುರವೆಲ್ಲ ಆಗ ಗುಲ್ಬರ್ಗಾ ಜಿಲ್ಲೆ. ಕಚೇರಿಯ ಭಾಷೆ ಉರ್ದು, ನಾಣ್ಯ ಹಾಲಿ ಸಿಕ್ಕಾ. ಇಂಗ್ಲಿಷರು ಹೋದರೂ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ನಿಜಾಮರ ಪರ ನಿಂತ ಕಾಸಿಂ ರಜ್ವಿಯ ಪಡೆ, ಅಂದರೆ ರಜಾಕಾರರು, ಹಳ್ಳಿಗಳ ಮೇಲೆ ಬೀಳತೊಡಗಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದರು. ನಮ್ಮ ಮಂದಿ ಇವತ್ತಿಗೂ ಅದನ್ನು ‘ಪೊಲೀಸ್ ಆ್ಯಕ್ಷನ್’ ಎಂದೇ ಕರೆಯುತ್ತಾರೆ.

ಆ ವರ್ಷ ನಮ್ಮ ಮುತ್ಯಾನಿಗೆ ಹನ್ನೆರಡೋ ಹದಿಮೂರೋ ವಯಸ್ಸು. ಜೋಳವನ್ನೆಲ್ಲ ಹಗೇವಿಗೆ ಸುರಿದು, ಬಾಯಿಗೆ ಮಣ್ಣು ಮೆತ್ತಿ, ಮೇಲೆ ಸಗಣಿ ಸಾರಿಸಿ, ರಜಾಕಾರರಿಗೆ ಹೆದರಿ ರಾತ್ರೋರಾತ್ರಿ ಬಂಡಿ ಕಟ್ಟಿದರಂತೆ. ಎತ್ತಿನ ಕೊರಳ ಗಂಟೆ ಬಿಚ್ಚಿದ್ದು, ಗಾಲಿ ಕಿರುಗುಟ್ಟದಂತೆ ಕೀಲಿಗೆ ಎಣ್ಣೆ ಬಿಟ್ಟದ್ದು, ಸಿಂದಗಿ ಕಡೆಯ ಮುಂಬಯಿ ಸರ್ಕಾರದ ಗಡಿ ಮುಟ್ಟುವವರೆಗೆ ಕೂಸುಗಳ ಬಾಯಿಗೆ ಬೆಲ್ಲ ಇಟ್ಟದ್ದು, ಇವನ್ನು ಹೇಳುವಾಗ ಮುತ್ಯಾ ಎದ್ದೇ ನಿಲ್ಲುತ್ತಿದ್ದ. “ಗಡಿ ದಾಟಿದ ಮ್ಯಾಲ ಗಂಟಿ ಕಟ್ಟಿದ್ವಿ ನೋಡು” ಎನ್ನುವಲ್ಲಿಗೆ ಅವನ ಕಥೆ ಮುಗಿಯುತ್ತಿತ್ತು. ವಾಪಸು ಬಂದದ್ದನ್ನು ಅವನು ಹೇಳುತ್ತಿರಲಿಲ್ಲ. ಅದನ್ನು ಹೇಳಿದವಳು ಆಯಿ. ಇವರು ಬಿಟ್ಟುಹೋದ ಆಕಳನ್ನು ಅಷ್ಟು ದಿನ ಮೇಯಿಸಿಕೊಂಡಿದ್ದವರು ಪಕ್ಕದ ಪಿಂಜಾರರು. ಇವರು ತಿರುಗಿ ಬಂದಾಗ ಆಕಳು ಇತ್ತು, ಪಿಂಜಾರರ ಮನೆಯ ಬಾಗಿಲು ಇರಲಿಲ್ಲ, ಮಂದಿಯೂ ಇರಲಿಲ್ಲ.

ವಿಮೋಚನೆಯ ಭಾಷಣಗಳು ಸಾಮಾನ್ಯವಾಗಿ ಮುತ್ಯಾನ ಹಾಗೆ ಗಂಟೆ ಕಟ್ಟಿದಲ್ಲಿಗೇ ನಿಲ್ಲುತ್ತವೆ. ಸೇನೆ ಬಂದ ಮೇಲೆ ನಡೆದ ಮುಸ್ಲಿಮರ ಕೊಲೆಗಳನ್ನು ವಿಚಾರಿಸಲು ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರರನ್ನು ದೆಹಲಿ ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅವರು ಅಂದಾಜು ಮಾಡಿದರು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾವೂ ಒಂದು. ಆ ವರದಿಯನ್ನು ಬಹಳ ವರ್ಷ ಹೊರಗೆ ಬಿಡಲೇ ಇಲ್ಲ. ರಜಾಕಾರರನ್ನು ನೆನೆಯುವ ಬಾಯಲ್ಲಿ ಇದೂ ಬರಬೇಕು.

ಈಗ ಸನ್ಯಾಸಿಯ ವಿಷಯ. ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ್ ಕಾವಿ ಉಟ್ಟು ಸ್ವಾಮಿ ರಮಾನಂದ ತೀರ್ಥರಾದರು. ಮರಾಠವಾಡದಲ್ಲಿ ಶಾಲೆ ನಡೆಸಿದವರು ಮುಂದೆ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮುನ್ನಡೆಸಿದರು. 1938ರಲ್ಲಿ ಆ ಪಕ್ಷ ಕಣ್ಣು ಬಿಡುವ ಮೊದಲೇ ನಿಜಾಮರು ನಿಷೇಧಿಸಿದ್ದರು. ಸ್ವಾಮೀಜಿ ಜೈಲಿಗೆ ಹೋಗಿ ಬರುತ್ತಲೇ ಇದ್ದರು. ಸೇನೆ ಬಂದಾಗಲೂ ಇದ್ದದ್ದು ಒಳಗೇ.

ಗೆದ್ದ ಮೇಲೆ ಮಾಡಿದ್ದರಲ್ಲಿ ಅವರ ದೊಡ್ಡತನ ಹೆಚ್ಚು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. 1952ರ ಮೊದಲ ಚುನಾವಣೆಯಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದರು. (ಯಾದಗಿರಿ ಬೇರೆಯೇ ಕ್ಷೇತ್ರ, ಅಲ್ಲಿಂದ ಗೆದ್ದವರು ಕೃಷ್ಣಾಚಾರ್ಯ ಜೋಶಿ.) ಮಂತ್ರಿಯಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೈದರಾಬಾದ್ ರಾಜ್ಯ ಉಳಿಯುವುದೇ ಬೇಡ, ಕನ್ನಡ, ತೆಲುಗು, ಮರಾಠಿ ಸೀಮೆಗಳು ತಮ್ಮ ತಮ್ಮ ಭಾಷೆಯವರ ಜೊತೆ ಹೋಗಲಿ ಎಂದು ಪಟ್ಟು ಹಿಡಿದರು. ನೆಹರೂಗೆ ಇದು ಒಗ್ಗಿರಲಿಲ್ಲ. ರಾಜ್ಯ ಒಡೆದರೆ ಸ್ವಾಮೀಜಿ ಕಟ್ಟಿದ ಪಕ್ಷವೂ ಮೂರು ಪಾಲಾಗುತ್ತಿತ್ತು, ಮುಖಂಡನಿಗೆ ಸೀಮೆಯೇ ಇರುತ್ತಿರಲಿಲ್ಲ. ಆದರೂ ಬಿಡಲಿಲ್ಲ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಸೇರಿದೆವು. ಇಲ್ಲಿ ನಾವು ರಾಜ್ಯೋತ್ಸವಕ್ಕೆ ಬಾವುಟ ಹಾರಿಸುವಾಗ ಆಲೂರು ವೆಂಕಟರಾಯರ ಹೆಸರು ಹೇಳುತ್ತೇವೆ, ಸರಿ. ಮರಾಠಿ ಸೀಮೆಯಲ್ಲಿ ಬದುಕು ಕಳೆದ ಈ ಸ್ವಾಮೀಜಿಯನ್ನು ನೆನೆಯುವವರನ್ನು ನಾನು ಕಂಡಿಲ್ಲ.

ಅಮೆರಿಕದಲ್ಲಿ ಓದುವ ನಿಮ್ಮ ಮಕ್ಕಳಿಗೆ ಜಾರ್ಜ್ ವಾಷಿಂಗ್ಟನ್ ಗೊತ್ತು. ಯುದ್ಧ ಗೆದ್ದು 1783ರಲ್ಲಿ ಸೇನಾಪತಿ ಪದವಿ ಬಿಟ್ಟುಕೊಟ್ಟವರು, ಎರಡು ಅವಧಿ ಮುಗಿಸಿ 1797ರಲ್ಲಿ ಮನೆಗೆ ನಡೆದವರು. ಸ್ವಾಮೀಜಿಯೂ ಅದೇ ಜಾತಿಯವರು ಎಂದು ಹೇಳಿಕೊಡಬಹುದು. ವಾಷಿಂಗ್ಟನ್‌ಗೆ ತೋಟವಿತ್ತು, ದುಡಿಯಲು ಗುಲಾಮರಿದ್ದರು, ಇವರಿಗೆ ಏನೂ ಇರಲಿಲ್ಲ ಎಂಬ ವ್ಯತ್ಯಾಸವನ್ನೂ ಸೇರಿಸಿ ಹೇಳಿ.

ಇನ್ನೊಂದು ವಿಚಿತ್ರ. ಸಂವಿಧಾನ ಬರೆದ ಸಭೆಯಲ್ಲಿ ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳೇ ಇರಲಿಲ್ಲ. ನಮ್ಮ ಪರವಾಗಿ ಅದನ್ನು ಒಪ್ಪಿ 1949ರ ನವೆಂಬರಿನಲ್ಲಿ ಫರ್ಮಾನು ಹೊರಡಿಸಿದವರು ಅದೇ ನಿಜಾಮರು, ಮುಂದೆ 1956ರವರೆಗೆ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರ ಸ್ಥಾನದಲ್ಲಿ, ಇದ್ದವರೂ ಅವರೇ! ದೇಶ ತನ್ನ ಲಾಂಛನಕ್ಕೆ ಅಶೋಕನ ಸಿಂಹಗಳನ್ನು, ಬಾವುಟಕ್ಕೆ ಅವನ ಚಕ್ರವನ್ನು ಆರಿಸಿಕೊಂಡಾಗ ನಮ್ಮ ಭೀಮಾ ಸೀಮೆಯ ಸನ್ನತಿಯಲ್ಲಿ ಅವನದೇ ಶಾಸನದ ಕಲ್ಲು ಗುಡಿಯೊಳಗೆ ಹೂತಿತ್ತು. 1980ರ ದಶಕದಲ್ಲಿ ಅದು ಹೊರಗೆ ಬಂತು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯಬಾರದು ಎಂಬ ಹನ್ನೆರಡನೆಯ ಶಿಲಾಶಾಸನದ ಭಾಗವೂ ಅದರ ಮೇಲಿದೆ.

ರಜೆಗೆ ಊರಿಗೆ ಹೋಗುವವರು ಮಕ್ಕಳಿಗೆ ಹಂಪಿ, ಮೈಸೂರು ತೋರಿಸುತ್ತೀರಿ. ಒಂದು ಸಲ ಸನ್ನತಿಗೂ ಶಿರವಾಳಕ್ಕೂ ಕರೆದುಕೊಂಡು ಬನ್ನಿ. ಮೇ ತಿಂಗಳಲ್ಲಿ ಬೇಡ, ನಮ್ಮ ಬಿಸಿಲು ತಡೆಯಲಾರಿರಿ. ಡಿಸೆಂಬರಿನಲ್ಲಿ ಬನ್ನಿ, ಎಂಬತ್ತೈದು ದಾಟಿದ ಯಾರಾದರೂ ಕಟ್ಟೆಯ ಮೇಲೆ ಸಿಕ್ಕರೆ ಅವರ ಮಾತನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಗಡಿ ದಾಟಿದ್ದನ್ನಷ್ಟೇ ಅಲ್ಲ, ವಾಪಸು ಬಂದದ್ದನ್ನೂ ಕೇಳಿ.